ಎರಡು ನ್ಯಾಯಗಳ ನಾಡು

ನ್ಯಾಯವೆಂದರೆ ಕೋರ್ಟು, ಕೋರ್ಟೆಂದರೆ ಸರ್ಕಾರ ಎಂದೇ ನಾನು ಬಹುಕಾಲ ತಿಳಿದಿದ್ದೆ. ಶಾಂತಸಾಗರದ ವನುವಾಟು ಎಂಬ ಪುಟ್ಟ ರಾಷ್ಟ್ರದ ವಿಷಯವನ್ನು ಓದಿದ ಮೇಲೆ ಈ ತಿಳಿವಳಿಕೆ ಅಲುಗಾಡಿತು. ಅದು ಹೇಗೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಸ್ಟ್ರೇಲಿಯಕ್ಕೆ ಪೂರ್ವದಲ್ಲಿ ಹರಡಿರುವ ಸುಮಾರು 80 ದ್ವೀಪಗಳ ನಾಡು ಅದು. ಜನ ಸುಮಾರು 3 ಲಕ್ಷ. ಭಾಷೆಗಳೋ ನೂರಕ್ಕೂ ಮಿಗಿಲು. 1906ರಲ್ಲಿ ಬ್ರಿಟನ್ನೂ ಫ್ರಾನ್ಸೂ ಈ ದ್ವೀಪಗಳನ್ನು ಜಂಟಿಯಾಗಿ ಆಳಲು ಒಪ್ಪಂದ ಮಾಡಿಕೊಂಡವು. ಬ್ರಿಟಿಷರಿಗೆ ಅವರ ಕಾನೂನು, ಫ್ರೆಂಚರಿಗೆ ಅವರದು. ಇವೆರಡರ ನಡುವಣ ಜಂಟಿ ನ್ಯಾಯಾಲಯದ ಅಧ್ಯಕ್ಷನನ್ನು ನೇಮಿಸುವ ಅಧಿಕಾರವಿದ್ದುದು ಸ್ಪೇನಿನ ದೊರೆಗೆ! ಆ ನೆಲದ ಮಕ್ಕಳು ಮಾತ್ರ ಬ್ರಿಟಿಷ್ ಪ್ರಜೆಗಳೂ ಅಲ್ಲ, ಫ್ರೆಂಚ್ ಪ್ರಜೆಗಳೂ ಅಲ್ಲ. ಇಂಥ ನ್ಯಾಯಾಲಯವನ್ನು ಅವರು ತಮ್ಮದೆಂದು ಬಗೆಯುವುದಾದರೂ ಹೇಗೆ?

1980ರಲ್ಲಿ ಸ್ವಾತಂತ್ರ್ಯ ಬಂದಿತು. ಹೊಸ ಸಂವಿಧಾನವು ಬ್ರಿಟಿಷ್, ಫ್ರೆಂಚ್ ಕಾನೂನುಗಳನ್ನು ಸದ್ಯಕ್ಕೆ ಉಳಿಸಿಕೊಂಡಿತು. ಅದರೊಡನೆ ನಾಡಿನ ರೂಢಿಯೂ ಕಾನೂನಿನ ಭಾಗವೆಂದು ಸಾರಿತು. ಭೂಮಿಯೆಲ್ಲವೂ ರೂಢಿಯಂತೆ ಅದರ ಮೂಲ ಒಡೆಯರಿಗೂ ಅವರ ಸಂತತಿಗೂ ಸೇರತಕ್ಕದ್ದೆಂದಿತು. ಈ ರೂಢಿಗೆ ಅಲ್ಲಿಯ ಬಿಸ್ಲಾಮಾ ಭಾಷೆಯಲ್ಲಿ 'ಕಸ್ತೋಮ್' ಎನ್ನುತ್ತಾರೆ. ಆ ಮಾತು ಇಂಗ್ಲಿಷಿನಿಂದ ಬಂದದ್ದು. ಪರರ ಕಾನೂನು ಎದುರಿಗೆ ಬಂದು ನಿಂತಾಗಲೇ ತಮ್ಮದಕ್ಕೊಂದು ಹೆಸರು ಬೇಕಾಯಿತೋ ಏನೋ ಎಂದು ನನಗೆ ತೋರುತ್ತದೆ.

ಹಳ್ಳಿಗರು ಕೋರ್ಟನ್ನು ಅರಿಯದವರೆಂದು ನಾವು ಭಾವಿಸಬಾರದು. ಅದರ ಪ್ರಶ್ನೆ ಬೇರೆ, ತಮ್ಮ ಪ್ರಶ್ನೆ ಬೇರೆ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದಾರೆ. ತಪ್ಪಿತಸ್ಥನಾರು, ಅವನಿಗೆ ಶಿಕ್ಷೆಯೇನು ಎಂದು ಕೋರ್ಟು ಕೇಳುತ್ತದೆ. ಈ ಎರಡು ಮನೆತನಗಳು ನಾಳೆ ಒಂದೇ ದಾರಿಯಲ್ಲಿ ನಡೆಯುವುದು ಹೇಗೆ ಎಂದು ಊರಿನ ಸಭಾಸ್ಥಳವಾದ 'ನಕಮಾಲ್' ಕೇಳುತ್ತದೆ. ಅಲ್ಲಿ ಹಂದಿ, ಚಾಪೆ, ಕಾವಾ ಎಂಬ ಬೇರಿನ ಪಾನೀಯ ಇವುಗಳನ್ನಿತ್ತು ರಾಜಿಯಾಗುತ್ತಾರೆ. ಕೋರ್ಟಿನ ದಂಡ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಹಂದಿಯಾದರೋ ನೊಂದವನ ಮನೆಗೆ ಬರುತ್ತದೆ.

ಇನ್ನೊಂದು ದ್ವೀಪರಾಷ್ಟ್ರವಾದ ಸಮೋವಾದಲ್ಲಿಯೂ ಇಂಥದೇ ಪದ್ಧತಿಯುಂಟು. ತಪ್ಪು ಮಾಡಿದವನ ಕಡೆಯವರು ನುಣುಪಾದ ಚಾಪೆಯನ್ನು ಹೊದ್ದು, ನೊಂದವರ ಮನೆಯ ಮುಂದೆ ತಲೆಬಾಗಿ ಕುಳಿತಿರುತ್ತಾರೆ. ಮನೆಯವರು ಬಂದು ಆ ಚಾಪೆಯನ್ನು ಸರಿಸಿದರೆ ಕ್ಷಮೆ ದೊರೆತಂತೆ. ಊರ ಸಭೆ ವಿಧಿಸಿದ ದಂಡನೆಯನ್ನು ಕೋರ್ಟು ತನ್ನ ಶಿಕ್ಷೆ ನಿರ್ಧರಿಸುವಾಗ ಗಮನಿಸಬೇಕೆಂದು ಅಲ್ಲಿಯ 1990ರ ಕಾಯಿದೆ ಹೇಳುತ್ತದೆ.

ಇಷ್ಟು ಓದಿದಾಗ ನನ್ನ ಮನಸ್ಸು ಪೂರ್ತಿಯಾಗಿ ರೂಢಿಯ ಕಡೆಗೇ ವಾಲಿತ್ತು. ಆದರೆ ವನುವಾಟುವಿನ 1993ರ ಒಂದು ಮೊಕದ್ದಮೆ ನನ್ನನ್ನು ತಡೆದು ನಿಲ್ಲಿಸಿತು. ಗಂಡನಿಂದ ದೂರವಿದ್ದ ಹೆಂಗಸೊಬ್ಬಳನ್ನು ಮುಖಂಡರು ಸಭೆಗೆ ಕರೆಸಿ, ಅವಳ ಇಚ್ಛೆಗೆ ವಿರುದ್ಧವಾಗಿ ಹಡಗು ಹತ್ತಿಸಿ, ಟನ್ನಾ ದ್ವೀಪಕ್ಕೆ ಕಳುಹಿಸಿದರು. ಅವರ ದೃಷ್ಟಿಯಲ್ಲಿ ಅದು ಸಂಸಾರವನ್ನು ಕೂಡಿಸುವ ಕೆಲಸ. ಸುಪ್ರೀಂ ಕೋರ್ಟಿನ ದೃಷ್ಟಿಯಲ್ಲಿ ಅದು ಅಪಹರಣ. ಅವಳನ್ನು ಮನುಷ್ಯಳೆಂದು ಎಣಿಸಿ ಅವಳ ಮಾತಿಗೆ ಬೆಲೆ ಕೊಟ್ಟುದು ಹೊರಗಿನಿಂದ ಬಂದ ಆ ಕೋರ್ಟೇ ಸರಿ.

ಆದುದರಿಂದ ಪರದೇಶದ್ದೆಂದು ಒಂದನ್ನು ತಳ್ಳುವುದೂ, ಹಳೆಯದೆಂದು ಇನ್ನೊಂದನ್ನು ಹಳಿಯುವುದೂ ಸಲ್ಲದು. ಕಾನೂನು ಎಲ್ಲಿ ಹುಟ್ಟಿತೆಂದು ಕೇಳುವುದಕ್ಕಿಂತ, ನೊಂದವರ ದನಿ ಅದಕ್ಕೆ ಕೇಳಿಸಿತೇ ಎಂದು ಕೇಳುವುದು ಲೇಸೆಂದು ನನ್ನ ಅಲ್ಪಮತಿಗೆ ತೋರಿದೆ.