ಚೀಲ ಕಾದದ್ದು ಸಾಕು, ನೀರಿಗಿಳಿಯಿರಿ!

ರಜೆಗೆ ಮನೆಮಂದಿಯೆಲ್ಲ ಮುರ್ಡೇಶ್ವರಕ್ಕೆ ಹೊರಟಿದ್ದೀರಾ? ದೇವರ ದರ್ಶನವಾದ ಮೇಲೆ ಯಜಮಾನರು, ಮಕ್ಕಳು ನೇತ್ರಾಣಿ ದ್ವೀಪದ ದೋಣಿ ಹತ್ತುತ್ತಾರೆ. ನೀವು? 'ನೀವೆಲ್ಲ ಹೋಗ್ಬನ್ನಿ, ನಾನಿಲ್ಲೇ ಚೀಲ ನೋಡ್ಕೊಂಡು ಕೂತಿರ್ತೀನಿ' ಅಂತೀರಿ, ಅಲ್ಲವೇ? ಈ ಸಲ ಹಾಗನ್ನಬೇಡಿ. ಸ್ನಾರ್ಕೆಲಿಂಗ್‌ಗೆ ಈಜು ಬರಲೇಬೇಕೆಂದಿಲ್ಲ. ಲೈಫ್ ಜಾಕೆಟ್ ತೊಟ್ಟು, ತರಬೇತುದಾರರ ಜೊತೆ ನೀರಿನ ಮೇಲೆ ತೇಲುತ್ತಲೇ ಹವಳ, ಬಣ್ಣದ ಮೀನುಗಳನ್ನು ಕಣ್ತುಂಬಿಕೊಳ್ಳಬಹುದು.

ದ್ವೀಪ ದಡದಿಂದ ಸುಮಾರು 19 ಕಿ.ಮೀ. ದೂರ. ಮಳೆಗಾಲ ಬೇಡ, ಡಿಸೆಂಬರ್, ಜನವರಿಯಲ್ಲಿ ಸಮುದ್ರ ಶಾಂತ. ಅದೃಷ್ಟವಿದ್ದರೆ ದಾರಿಯಲ್ಲಿ ಡಾಲ್ಫಿನ್ ಕಂಡೀತು. 'ತಿಮಿಂಗಿಲ ಎಲ್ಲಮ್ಮಾ?' ಎಂದು ಮಕ್ಕಳು ಕೇಳಿದರೆ ಹೇಳಿ: ಇಲ್ಲಿ ಅಪರೂಪಕ್ಕೆ ಕಾಣುವ ವೇಲ್ ಶಾರ್ಕ್ ತಿಮಿಂಗಿಲವಲ್ಲ, ಜಗತ್ತಿನ ಅತಿ ದೊಡ್ಡ ಮೀನು. ನೀಲಿ ತಿಮಿಂಗಿಲ ನೋಡುವ ಆಸೆಯಿದ್ದರೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಶ್ರೀಲಂಕಾದ ಮಿರಿಸ್ಸಾ ಒಳ್ಳೆಯ ಜಾಗ.

ಹೊರಡುವ ಮುನ್ನ ಇಷ್ಟು ನೆನಪಿರಲಿ:

* ತಿಂಡಿಗೆ ಎರಡು ಇಡ್ಲಿ ಸಾಕು. ಪೂರಿ, ವಡೆ ಬೇಡ. ಹಾಗಂತ ಖಾಲಿ ಹೊಟ್ಟೆಯೂ ಸಲ್ಲ. ವಾಂತಿಯ ಕಾಟವಿದ್ದರೆ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ. ದೋಣಿಯ ಮಧ್ಯದಲ್ಲಿ ಕೂತು ದೂರದ ದಿಗಂತ ನೋಡಿ, ಮೊಬೈಲ್ ಬೇಡ.

* ಸೀರೆ, ದುಪಟ್ಟಾ ನೆನೆದರೆ ಭಾರ, ಕಾಲಿಗೂ ಸುತ್ತಿಕೊಳ್ಳುತ್ತದೆ. ಲೆಗ್ಗಿಂಗ್ಸ್, ತುಂಬುತೋಳಿನ ಟೀ ಶರ್ಟ್ ಸಾಕು. ಮೈಗೂ ಮುಚ್ಚುಗೆ, ಬಿಸಿಲಿಗೂ ತಡೆ.

* ಚಿನ್ನದ ಸರ, ಓಲೆ ಮೊದಲೇ ತೆಗೆದಿಡಿ. ತಾಳಿ ತೆಗೆಯಲು ಮನಸ್ಸಾಗದಿದ್ದರೆ ಗಟ್ಟಿ ದಾರಕ್ಕೆ ಪೋಣಿಸಿ ಬಟ್ಟೆಯೊಳಗೆ ಇಟ್ಟುಕೊಳ್ಳಿ.

* ಮಾಸ್ಕ್ ಮೂಗು ಮುಚ್ಚುವುದರಿಂದ ಬಾಯಲ್ಲೇ ಉಸಿರಾಡಬೇಕು. ಕೂದಲೆಳೆ ಸಿಕ್ಕಿದರೂ ನೀರು ಒಳಬರುತ್ತದೆ, ಬಿಗಿಯಾಗಿ ಜಡೆ ಹಾಕಿ. ಕೊಳವೆಗೆ ನೀರು ಬಂದರೆ ಗಾಬರಿ ಬೇಡ, 'ಫೂ' ಎಂದು ಜೋರಾಗಿ ಊದಿ.

* ಮುಟ್ಟಿನ ದಿನ ಮುಂದೂಡಲು ನೀವೇ ಮಾತ್ರೆ ನುಂಗಬೇಡಿ. ಗರ್ಭಿಣಿಯರು, ಆಸ್ತಮಾ, ಹೃದ್ರೋಗ, ಮೂರ್ಛೆರೋಗ ಇರುವವರು ವೈದ್ಯರ ಸಲಹೆಯಿಲ್ಲದೆ ನೀರಿಗಿಳಿಯುವುದು ಬೇಡ.

* ಹವಳ ಕಲ್ಲಲ್ಲ, ಜೀವಿ. ಮುಟ್ಟಬೇಡಿ, ತುಳಿಯಬೇಡಿ. ನೆನಪಿಗೆಂದು ಚೂರು ಮುರಿದು ತಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ!

ಇನ್ನು ಭಯದ ಮಾತು. ನೀರಿಗಿಳಿದ ಮೊದಲ ನಿಮಿಷ ಎದೆ ಡವಗುಟ್ಟುವುದು ಸಹಜ. ಏಣಿ ಹಿಡಿದೇ ಮುಖ ಮುಳುಗಿಸಿ, ಹತ್ತು ಸಲ ನಿಧಾನವಾಗಿ ಉಸಿರಾಡಿ ನೋಡಿ. ಆಮೇಲೂ ಬೇಡವೆನಿಸಿದರೆ ದೋಣಿ ಹತ್ತಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ 'ನನ್ನ ವಯಸ್ಸಿಗೆ ಇದೆಲ್ಲ ಯಾಕೆ', 'ಯಾರಾದ್ರೂ ಏನಂದುಕೊಂಡಾರು' ಅಂತ ದಡದಲ್ಲೇ ಉಳಿಯಬೇಡಿ. ಚೀಲಗಳನ್ನು ಹೋಟೆಲ್ ಕೋಣೆಯಲ್ಲಿಟ್ಟು ಬೀಗ ಹಾಕಿದರಾಯಿತು. ಅವನ್ನು ಕಾಯಲು ನೀವೇ ಬೇಕಿಲ್ಲ!