ಮಾರುವುದಾದರೆ ತಂಡವನ್ನೇ ಮಾರಿ

ಅಮೆರಿಕದ ಓಕ್ಲೆಂಡ್‌ನ ಹಳೆಯ ಬೇಸ್‌ಬಾಲ್ ಅಭಿಮಾನಿಗಳಿಗೆ ಮೆಚ್ಚಿನ ಆಟಗಾರರನ್ನು ಬೇರೆ ಊರಿನ ಜೆರ್ಸಿಯಲ್ಲಿ ನೋಡುವ ಸಂಕಟ ಹೊಸದಲ್ಲ. 2022ರ ಮಾರ್ಚ್‌ನಲ್ಲಿ ಅಥ್ಲೆಟಿಕ್ಸ್ ತಂಡ ಮ್ಯಾಟ್ ಓಲ್ಸನ್‌ನನ್ನು ಅಟ್ಲಾಂಟಾಕ್ಕೂ ಮ್ಯಾಟ್ ಚಾಪ್‌ಮನ್‌ನನ್ನು ಟೊರಾಂಟೊಕ್ಕೂ ಕೊಟ್ಟುಬಿಟ್ಟಿತು. ವರ್ಷ ಮುಗಿಯುವ ಮೊದಲೇ ಕ್ಯಾಚರ್ ಶಾನ್ ಮರ್ಫಿಯೂ ಹೊರಟ. ಬದಲಿಗೆ ಬಂದವರು ಬಹುತೇಕ ಎಳೆಯರು.

ಐಪಿಎಲ್‌ನಂತೆ ಎಲ್ಲ ತಂಡಗಳ ಖರ್ಚಿಗೂ ಒಂದೇ ಗಡಿ ಹಾಕುವ ಕಟ್ಟಳೆ ಅಲ್ಲಿನ ಬೇಸ್‌ಬಾಲ್‌ನಲ್ಲಿಲ್ಲ. ಹೆಚ್ಚು ಸುರಿದವರು ತೆರಿಗೆ ಕಟ್ಟುತ್ತಾರೆ, ಅಷ್ಟೇ. ಕಡಿಮೆ ಹಣದಲ್ಲಿ ಲೆಕ್ಕಾಚಾರದಿಂದ ತಂಡ ಕಟ್ಟಿ 2002ರಲ್ಲಿ ಸತತ 20 ಪಂದ್ಯ ಗೆದ್ದ ಇದೇ ಅಥ್ಲೆಟಿಕ್ಸ್‌ನ ಕಥೆ ‘ಮನಿಬಾಲ್’ ಸಿನಿಮಾ ಆಗಿತ್ತು. ಈಗ ಉಳಿದದ್ದು ಬರೀ ಜಿಪುಣತನ ಎಂಬುದು ಅಭಿಮಾನಿಗಳ ದೂರು, ತಳ್ಳಿಹಾಕುವುದು ಕಷ್ಟ.

2023ರಲ್ಲಿ ಓಲ್ಸನ್ 54 ಹೋಂ ರನ್ ಬಾರಿಸಿದ. ಅಥ್ಲೆಟಿಕ್ಸ್ 112 ಪಂದ್ಯ ಸೋತಿತು.

ಅದೇ ವರ್ಷದ ಜೂನ್ 13ರಂದು ಅಭಿಮಾನಿಗಳು ತಿರುಗಿಬಿದ್ದ ರೀತಿ ಸೊಗಸಾಗಿತ್ತು. ಪಂದ್ಯ ಬಹಿಷ್ಕರಿಸುವ ಬದಲು 27,759 ಜನ ಮೈದಾನಕ್ಕೆ ಬಂದು, ‘ತಂಡ ಮಾರಿ’ ಎಂದು ಮಾಲೀಕ ಜಾನ್ ಫಿಶರ್ ವಿರುದ್ಧ ಕೂಗಿದರು. ತಮಾಷೆಯೆಂದರೆ, ಅಂದು ತಂಡ ಟ್ಯಾಂಪಾ ಬೇಯನ್ನು 2-1ರಿಂದ ಸೋಲಿಸಿ ಸತತ ಏಳನೇ ಗೆಲುವು ಕಂಡಿತು! ಫಿಶರ್ ಮಾತ್ರ ಮಾರಲಿಲ್ಲ. 2024ರ ಸೆಪ್ಟೆಂಬರ್ 26ರಂದು ಓಕ್ಲೆಂಡ್‌ನಲ್ಲಿ ಕೊನೆಯ ಪಂದ್ಯವಾಡಿದ ತಂಡ, ಲಾಸ್ ವೇಗಸ್‌ನತ್ತ ಕಣ್ಣಿಟ್ಟು ಸದ್ಯಕ್ಕೆ ಸ್ಯಾಕ್ರಮೆಂಟೊ ಸೇರಿತು.