ಎರಡು ಸಾವಿರ ಸೂಜಿಗಳ ಅಂಗಿ

ಎರಡು ಪ್ಲೇನ್ ಟೀ ಶರ್ಟ್. ಎರಡೂ ಕಪ್ಪು, ಎರಡರ ಚೀಟಿಯಲ್ಲೂ 180 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 180 ಗ್ರಾಂ. ಒಂದಕ್ಕೆ ಇಪ್ಪತ್ತು ರೂಪಾಯಿ ಕಡಿಮೆ. ಟೀ ಶರ್ಟ್ ಪ್ರಿಂಟಿಂಗ್ ಶುರುಮಾಡಲು ಹೊರಟ ಹುಡುಗರು ಹೆಣಿಗೆ ಬಟ್ಟೆಯ ಊರಾದ ತಿರುಪ್ಪೂರಿಗೆ ಮೊದಲ ಸಲ ಹೋದಾಗ ಕಣ್ಣು ನೆಡುವುದು ಆ ಇಪ್ಪತ್ತು ರೂಪಾಯಿಯ ಮೇಲೆ. ಅದು ಎಲ್ಲಿ ಉಳಿಯಿತು ಎಂದು ತಿಳಿಯಬೇಕಾದರೆ ಬಟ್ಟೆ ಹೆಣೆದ ಯಂತ್ರದ ಹತ್ತಿರ ಹೋಗಬೇಕು.

ಟೀ ಶರ್ಟಿನ ಬಟ್ಟೆಯನ್ನು ನೇಯುವುದಿಲ್ಲ, ಹೆಣೆಯುತ್ತಾರೆ. ಯಂತ್ರದ ಸಿಲಿಂಡರಿನ ಅಡ್ಡಳತೆ 30 ಇಂಚು, ಇಂಚಿಗೆ 24 ಸೂಜಿ ಎಂದಾದರೆ ಸುತ್ತಲೂ ಸುಮಾರು 2,260 ಸೂಜಿಗಳು. ಪ್ರತಿ ಸೂಜಿಗೂ ಒಂದು ಕೊಕ್ಕೆ, ಕೊಕ್ಕೆಯ ಬಾಯಿಗೆ ಪುಟ್ಟ ನಾಲಗೆ. ಇಂಗ್ಲೆಂಡಿನ ಮ್ಯಾಥ್ಯೂ ಟೌನ್‌ಸೆಂಡ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಸೂಜಿ ಮೇಲೆದ್ದಾಗ ಹಳೆಯ ಕುಣಿಕೆ ಜಾರಿ ನಾಲಗೆ ತೆರೆದುಕೊಳ್ಳುತ್ತದೆ. ಹೊಸ ನೂಲು ಹಿಡಿದು ಇಳಿಯುವಾಗ ಅದೇ ಕುಣಿಕೆ ನಾಲಗೆಯನ್ನು ಮುಚ್ಚಿ, ತಾನು ಕಳಚಿಕೊಳ್ಳುತ್ತದೆ. ಬಾಗಿಲು ಹಾಕಿ ಹೊರಗೆ ಹೋದ ಹಾಗೆ!

ಇಂಥ ಯಂತ್ರಕ್ಕೆ ಏಕಕಾಲದಲ್ಲಿ 90 ಕಡೆಯಿಂದ ನೂಲು ಬರಬಹುದು. ಅಂದರೆ ಒಂದು ಸುತ್ತಿಗೆ 90 ಸಾಲು, ಎಲ್ಲವೂ ತಿರುಗುಮೆಟ್ಟಿಲಿನಂತೆ ಓರೆಯಾಗಿ ಏರುತ್ತವೆ. ನೂಲಿನ ಹುರಿಯೂ ಒಂದೇ ದಿಕ್ಕಿಗೆ. ಒಗೆದ ಮೇಲೆ ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ತಿರುಚಿಕೊಂಡು ಬರುವುದು ಇದರಿಂದಲೇ. ಹೆಣೆಯುವಾಗ ಬಟ್ಟೆಯನ್ನು ಕೆಳಕ್ಕೆ ಎಳೆಯುತ್ತಲೇ ಇರುವುದರಿಂದ ಕುಣಿಕೆಗಳು ಉದ್ದಕ್ಕೆ ಸೆಟೆದಿರುತ್ತವೆ. ನೀರು ಬಿದ್ದಾಗ ಅವು ಮೈಸಡಿಲಿಸುತ್ತವೆ, ಅಂಗಿ ಗಿಡ್ಡವಾಗುತ್ತದೆ. ಬಟ್ಟೆಯನ್ನು ಮೊದಲೇ ಒತ್ತಿ ಕುಗ್ಗಿಸುವ ಕಾಂಪ್ಯಾಕ್ಟಿಂಗ್ ಎಂಬ ಹಂತವೊಂದಿದೆ. ಇಪ್ಪತ್ತು ರೂಪಾಯಿಯಲ್ಲಿ ಒಂದಿಷ್ಟು ಉಳಿದಿರುವುದು ಆ ಹಂತವನ್ನು ಬಿಟ್ಟಿದ್ದರಿಂದಲೇ ಇರಬಹುದು.

ಉಳಿದದ್ದು ನೂಲಿನಲ್ಲಿ. ಬಾಚಿದ, ಅಂದರೆ ಕೋಂಬ್ಡ್ ನೂಲಿನಲ್ಲಿ ಗಿಡ್ಡ ಎಳೆಗಳನ್ನು ತೆಗೆದುಹಾಕಿರುತ್ತಾರೆ. ಅಷ್ಟು ಹತ್ತಿ ವ್ಯರ್ಥವಾಗುವುದರಿಂದ ಬೆಲೆ ಏರುತ್ತದೆ. ಕಾರ್ಡೆಡ್ ನೂಲಿನಲ್ಲಿ ಅವು ಹಾಗೇ ಇದ್ದು ಮೇಲ್ಮೈ ರೋಮದಂತೆ ನವಿರೆದ್ದಿರುತ್ತದೆ. ಬಯೋವಾಶ್‌ನಲ್ಲಿ ಸೆಲ್ಯುಲೇಸ್ ಎಂಬ ಕಿಣ್ವ ಆ ರೋಮವನ್ನು ಮೇದುಬಿಡುತ್ತದೆ. ಇದ್ಯಾವುದೂ ಇಲ್ಲದ ಅಂಗಿಯ ಮೇಲೆ ಸಣ್ಣ ಚುಕ್ಕೆಗಳ ಫೋಟೋ ಅಚ್ಚಾದರೆ, ನಾಲ್ಕು ಒಗೆತಕ್ಕೆ ಎಳೆಗಳು ಶಾಯಿಯನ್ನು ಸೀಳಿ ತಲೆಯೆತ್ತುತ್ತವೆ.

ಜಿಎಸ್‌ಎಂ ಚೀಟಿಯನ್ನು ನಾನು ನಂಬುವುದಿಲ್ಲ. ಒಂದು ಅಂಗಿ ಕೊಂಡು 10 ಸೆಂ.ಮೀ. ಚೌಕ ಕತ್ತರಿಸಿ, ಚಿನ್ನ ತೂಗುವಂಥ ತಕ್ಕಡಿಯಲ್ಲಿಡಿ: 1.8 ಗ್ರಾಂ ಬಂದರೆ 180, 1.5 ಬಂದರೆ 150. ಮಳೆಗಾಲದಲ್ಲಿ ಹತ್ತಿ ತೇವ ಹೀರಿ ಸ್ವಲ್ಪ ಹೆಚ್ಚು ತೂಗುತ್ತದೆ, ಅದು ನೆನಪಿರಲಿ. ಇನ್ನೊಂದು ಅಂಗಿಯ ಮೇಲೆ 25 ಸೆಂ.ಮೀ. ಗೆರೆ ಎಳೆದು ಒಗೆಯಿರಿ, ಒಂದು ಸೆಂ.ಮೀ. ಕುಗ್ಗಿದರೆ ಶೇ. 4. ಕತ್ತರಿಸಿದ ಚೂರಿನ ಅಂಚಿಗೆ ಬೆಂಕಿ ಹಚ್ಚಿ. ಹತ್ತಿ ಕಾಗದದ ವಾಸನೆಯಲ್ಲಿ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿ ಸಿಕ್ಕರೆ ಹುಷಾರು. ಅಚ್ಚಿಗೆ ಬಳಸುವ ಪ್ಲಾಸ್ಟಿಸಾಲ್ ಶಾಯಿ ಗಟ್ಟಿಯಾಗಲು ಸುಮಾರು 160 ಡಿಗ್ರಿ ಬೇಕು. ಆ ಕಾವಿಗೆ ಪಾಲಿಯೆಸ್ಟರಿನ ಬಣ್ಣ ಆವಿಯಾಗಿ ಶಾಯಿಯೊಳಗೆ ನುಸುಳುತ್ತದೆ. ಕೆಂಪು ಅಂಗಿಯ ಮೇಲಿನ ಬಿಳಿ ಅಕ್ಷರ ಮರುದಿನ ಗುಲಾಬಿ!

ಲೆಕ್ಕ ಹಾಕೋಣ. ಅಂಗಿ 110, ಅಚ್ಚಿನ ಖರ್ಚು 60 ಎಂದಿಟ್ಟುಕೊಂಡರೆ, ಕೆಟ್ಟ ಪ್ರತಿ ಅಂಗಿಗೆ 170 ರೂಪಾಯಿ ನಷ್ಟ. ನೂರು ಅಂಗಿಯಲ್ಲಿ ಉಳಿಸಿದ 2,000 ರೂಪಾಯಿ ಹನ್ನೆರಡು ಅಂಗಿ ಕೆಟ್ಟರೆ ಮಾಯ.

ಹಾಗೆಂದು ದುಬಾರಿಯದನ್ನೇ ಕೊಳ್ಳಬೇಕಿಲ್ಲ. ಗಿರಾಕಿ ಒಪ್ಪಿದರೆ ಕಪ್ಪಿನ ಬದಲು ಬಿಳಿ ಅಂಗಿ: ಬಣ್ಣ ಹಾಕುವ ಖರ್ಚಿಲ್ಲ, ಶಾಯಿಯ ಕೆಳಗೆ ಬಿಳಿ ತಳಪದರವೂ ಬೇಡ, ಆ ಪದರ ಅಚ್ಚೊತ್ತುವ ಒಂದು ಸ್ಕ್ರೀನ್ ಉಳಿಯಿತು. ಒಂದು ಬೆಳಗಿನ ಓಟಕ್ಕೆಂದು ಹಂಚುವ ಅಂಗಿಗೆ ದಪ್ಪ ಅಕ್ಷರದ ಒಂದೇ ಸಾಲು ಅಚ್ಚಾಗುವುದಾದರೆ 150 ಜಿಎಸ್‌ಎಂನ ಕಾರ್ಡೆಡ್ ಧಾರಾಳ ಸಾಕು. ಮಾರನೇ ವಾರ ಹೇಗೂ ಅದು ಬೈಕ್ ಒರೆಸುತ್ತಿರುತ್ತದೆ.